ರಾತ್ರಿ ಬಂದರೆ ಕದ ತೆಗೀತೀರಾ?

ನಮ್ಮೂರು ಅರಸೀಕೆರೆ. ಹೊಯ್ಸಳರ ಕಾಲದ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಈ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ಸಮಾಜ ವಿಜ್ಞಾನ ಪಾಠ ಮಾಡುವ ನಾನು ವರ್ಷಕ್ಕೊಮ್ಮೆ ಮಕ್ಕಳನ್ನು ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋಗುತ್ತೇನೆ. ವಿಷ್ಣುವರ್ಧನ, ಶಾಂತಲೆ, ಕನ್ನಡಿ ಹಿಡಿದ ಮದನಿಕೆ ಎಲ್ಲವನ್ನೂ ಹೇಳುತ್ತೇನೆ. 2023ರಲ್ಲಿ ಈ ಗುಡಿಗಳು ಯುನೆಸ್ಕೊ ಪಟ್ಟಿಗೆ ಸೇರಿದ ಮೇಲಂತೂ ಹೇಳುವ ಉತ್ಸಾಹ ಇನ್ನೂ ಹೆಚ್ಚಿದೆ. ಆ ವರ್ಷದ ಪ್ರವಾಸದಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು, "ಮಿಸ್, ಶಾಂತಲೆ ರಾಣಿ ಆಯ್ತು. ಮಿಕ್ಕ ಹೆಂಗಸರ ಕಥೆ ಎಲ್ಲಿ ಬರೆದಿದೆ?" ಎಂದು ಕೇಳಿಬಿಟ್ಟಳು.

ನನಗೆ ಥಟ್ಟನೆ ಹೊಳೆದದ್ದು ನಮ್ಮ ಸೀಮೆಯ ಊರಾಚೆ ನಿಂತಿರುವ ಮಾಸ್ತಿಕಲ್ಲು. ಕಂಬದಿಂದ ಹೊರಟ ಒಂದು ಕೈ, ಮಣಿಕಟ್ಟಿನ ತುಂಬ ಬಳೆ. ಎಷ್ಟೋ ಕಲ್ಲುಗಳಲ್ಲಿ ಮುಖವಿಲ್ಲ, ಹೆಸರಿಲ್ಲ. ಅಂಥದೇ ಒಂದು ಬಳೆಯ ಕೈಯನ್ನು ನಾನು 1987ರಲ್ಲಿ ಕಣ್ಣಾರೆ ಕಂಡಿದ್ದೆ. ಆ ಹುಡುಗಿಗೆ ಅಂದು ಹೇಳಲಾಗದ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗ ನನಗೆ ಹದಿನೇಳು ವರ್ಷ, ಎರಡನೇ ಪಿಯುಸಿ. ಸಂಕ್ರಾಂತಿಗೆಂದು ಬಾಣಾವರ, ಜಾವಗಲ್ ಹಾದು ಹಳೇಬೀಡಿನ ಕಡೆಯ ಸೋದರತ್ತೆಯ ಊರಿಗೆ ಹೋಗಿದ್ದೆ. ಕಣದಲ್ಲಿ ರಾಗಿ ಒಕ್ಕಣೆ, ಮನೆಯಲ್ಲಿ ಅವರೆಕಾಯಿ ಸೊಗಡು, ಅದರ ನಡುವೆ ಚುನಾವಣೆ. ಅತ್ತೆ ಮಂಡಲ ಪಂಚಾಯ್ತಿಗೆ ನಿಂತಿದ್ದರು. 'ನಿಂತಿದ್ದರು' ಎನ್ನುವುದಕ್ಕಿಂತ 'ನಿಲ್ಲಿಸಿದ್ದರು' ಎಂದರೆ ಸರಿ. ರಾಮಕೃಷ್ಣ ಹೆಗಡೆಯವರ ಸರ್ಕಾರ 1983ರಲ್ಲಿ ಮಾಡಿದ ಕಾಯ್ದೆ ಪಂಚಾಯ್ತಿಗಳಲ್ಲಿ ನೂರಕ್ಕೆ 25 ಸ್ಥಾನಗಳನ್ನು ಹೆಂಗಸರಿಗೆ ಮೀಸಲಿಟ್ಟಿತ್ತು. ಊರೂರಿಗೆ ಕೊಳವೆಬಾವಿ ತೋಡಿಸಿ 'ನೀರ್ ಸಾಬ್' ಎಂದೇ ಹೆಸರಾದ ಅಬ್ದುಲ್ ನಜೀರ್ ಸಾಬ್ ಅದರ ಹಿಂದಿನ ಶಕ್ತಿ. ಕಾಯ್ದೆಯಂತೆ ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ದೇಶದ ಸಂವಿಧಾನಕ್ಕೆ 73ನೇ ತಿದ್ದುಪಡಿ ಬರುವುದಕ್ಕೆ ಇನ್ನೂ ಐದಾರು ವರ್ಷ ಇತ್ತು ಎನ್ನುವುದನ್ನು ನೆನೆದರೆ ನಮ್ಮ ರಾಜ್ಯದ ಬಗ್ಗೆ ಹೆಮ್ಮೆಯಾಗುತ್ತದೆ.

ಹೆಮ್ಮೆ ಇರಲಿ, ಅತ್ತೆಯ ಕರಪತ್ರದಲ್ಲಿ ಮಾವನ ಹೆಸರು ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ 'ಇವರ ಧರ್ಮಪತ್ನಿ' ಎಂದು ಅತ್ತೆಯ ಹೆಸರು. ಗಂಡಸರು ಜಗುಲಿ ಕಟ್ಟೆಗಳಲ್ಲಿ ಮಾತಾಡಿ ಮುಗಿಸಿದ ಮೇಲೆ ನಾನೂ ಅತ್ತೆಯೂ ಅರಿಶಿನ ಕುಂಕುಮದ ತಟ್ಟೆ ಹಿಡಿದು ಹಿತ್ತಲ ಬಾಗಿಲಿಗೆ ಹೋಗುತ್ತಿದ್ದೆವು. ನಲ್ಲಿ, ಚರಂಡಿ, ಬೀದಿ ದೀಪ ಎಂದು ಅತ್ತೆ ಬಾಯಿಪಾಠ ಮಾಡಿದ್ದರು. ಹೆಂಗಸರು ಅದನ್ನು ಕೇಳಿಸಿಕೊಂಡು, ಗಂಡಸರು ಹತ್ತಿರವಿಲ್ಲವೆಂದು ಖಾತ್ರಿಯಾದ ಮೇಲೆ ಬೇರೆಯದೇ ಮಾತು ತೆಗೆಯುತ್ತಿದ್ದರು. ಒಬ್ಬಳು ಸೆರಗು ಸರಿಸಿ ಭುಜದ ಬಾಸುಂಡೆ ತೋರಿಸಿದಳು. ಇನ್ನೊಬ್ಬಳು ಹೆಂಡದಂಗಡಿಯ ಕಡೆ ಬೆರಳು ಮಾಡಿದಳು.

ಊರಂಚಿನ ಮನೆಯೊಂದರಲ್ಲಿ ಕದ ಅರ್ಧ ಮಾತ್ರ ತೆರೆಯಿತು. ಕುಂಕುಮ ತೆಗೆದುಕೊಳ್ಳಲು ಒಂದು ಕೈ ಹೊರಬಂತು. ಒಡೆದು ಉಳಿದ ಎರಡು ಬಳೆ, ಮಣಿಕಟ್ಟಿನ ಮೇಲೆ ಒಣಗಿದ ಗಾಯ. ಮುಖ ಕಾಣಲಿಲ್ಲ.

"ಅಕ್ಕಾ, ಓಟು ನಿಮಗೇ ಹಾಕ್ತೀನಿ. ಗೆದ್ದ ಮ್ಯಾಲೆ ರಾತ್ರಿ ಹೊತ್ನಲ್ಲಿ ಬಂದ್ರೆ ಕದ ತೆಗೀತೀರಾ?"

ಅತ್ತೆ ಒಂದು ಗಳಿಗೆ ಸುಮ್ಮನಿದ್ದು, "ತೆಗೀತೀನಿ ಕಣವ್ವ" ಎಂದರು. ಆ ಚುನಾವಣೆಯಲ್ಲಿ ಅತ್ತೆ ತಾವಾಗಿಯೇ ಕೊಟ್ಟ ಭರವಸೆ ಅದೊಂದೇ.

ಅತ್ತೆ ಗೆದ್ದರು. ಆಮೇಲಿನದನ್ನು ನನಗೆ ಅವರೇ ಹಲವು ಸಲ ಹೇಳಿದ್ದಾರೆ. ಯುಗಾದಿ ಕಳೆದ ಮೇಲೆ ಒಂದು ರಾತ್ರಿ ಆಕೆ ಎರಡು ಮಕ್ಕಳನ್ನು ಕಟ್ಟಿಕೊಂಡು ಬಂದಳು. ಅತ್ತೆ ಕದ ತೆಗೆದು ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿಕೊಟ್ಟರು. ಬೆಳಗ್ಗೆ ಮಾವ, "ಜನ ಓಟು ಹಾಕಿರೋದು ಚರಂಡಿ ಮಾಡಿಸೋಕೆ, ಕಂಡವರ ಸಂಸಾರಕ್ಕಲ್ಲ" ಎಂದು ಗುಡುಗಿದರು. ಅತ್ತೆ ಮಂಡಲದ ಸಭೆಯಲ್ಲಿ ವಿಷಯ ಎತ್ತಿದರೆ, ಇದು ಪಂಚಾಯ್ತಿಯ ಲೆಕ್ಕಕ್ಕೆ ಬರುವುದಿಲ್ಲವೆಂಬ ಉತ್ತರ ಬಂತು. ಪೊಲೀಸ್ ಠಾಣೆಗೆ ಹೋದರು. ಯಾವ ಠಾಣೆ ಎಂಬುದು ಬೇಡ. ಅಲ್ಲಿ ಸಿಕ್ಕಿದ್ದು ಒಂದು ಗಾದೆ: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಹೆಂಡತಿಗೆ ಕ್ರೂರ ಹಿಂಸೆ ಕೊಡುವ ಗಂಡನಿಗೂ ಅವನ ಕಡೆಯವರಿಗೂ ಮೂರು ವರ್ಷದವರೆಗೆ ಸಜೆ ಎಂದು ಹೇಳುವ 498-ಎ ಕಲಮು ದಂಡ ಸಂಹಿತೆಗೆ 1983ರಲ್ಲೇ ಸೇರಿತ್ತು. ಅದು ಅತ್ತೆಗೂ ಗೊತ್ತಿರಲಿಲ್ಲ, ಬಿಎ ಓದಲು ಹೊರಟಿದ್ದ ನನಗೂ ಗೊತ್ತಿರಲಿಲ್ಲ. ತವರಿಗೆ ಹೇಳಿಕಳಿಸಿದರೆ ಅಣ್ಣಂದಿರು ಬಂದು ತಂಗಿಗೇ ಬುದ್ಧಿ ಹೇಳಿದರು. ಕೊನೆಗೆ ಊರ ಹಿರಿಯರು ಅರಳಿಕಟ್ಟೆಯಲ್ಲಿ ಕೂತು ಗಂಡನಿಂದ ತಪ್ಪುಕಾಣಿಕೆ ಹಾಕಿಸಿ ಆಕೆಯನ್ನು ಅದೇ ಮನೆಗೆ ಕಳಿಸಿದರು.

ಮುಂದಿನ ವರ್ಷ ಸದಸ್ಯೆಯರ ತರಬೇತಿಗೆಂದು ಅತ್ತೆ ಹಾಸನಕ್ಕೆ ಹೋಗಿ ಎರಡು ದಿನ ಅಲ್ಲೇ ಉಳಿದರು. ಆ ರಾತ್ರಿ ಆಕೆ ಮತ್ತೆ ಬಂದಳು. ಮಾವ ಕದ ತೆಗೆಯಲಿಲ್ಲ. ಬೆಳಗಾಗುವುದರೊಳಗೆ ಮಕ್ಕಳ ಸಮೇತ ಊರು ಬಿಟ್ಟಿದ್ದಳು. ಸಕಲೇಶಪುರದಾಚೆ ಕಾಫಿ ತೋಟದಲ್ಲಿ ಕೂಲಿಗಿದ್ದಾಳೆ ಎಂದು ಒಬ್ಬರು ಹೇಳಿದರು, ಕಂಡೇ ಇಲ್ಲ ಎಂದು ಇನ್ನೊಬ್ಬರು. ಅತ್ತೆ ಆಮೇಲೆ ಮಾವನ ಜೊತೆ ಎಷ್ಟು ದಿನ ಮಾತು ಬಿಟ್ಟಿದ್ದರೋ ನಾನು ಕೇಳಿಲ್ಲ. "ಮಾತು ಕೊಟ್ಟವಳು ನಾನು, ಅಗುಳಿ ಇದ್ದದ್ದು ಅವರ ಕೈಲಿ" ಎಂದು ಮಾತ್ರ ಹೇಳುತ್ತಿದ್ದರು. ಮಂಡಲದ ಅವಧಿ ಮುಗಿಯಿತು. 1993ರ ಕೊನೆಗೆ ಹೊಸ ಗ್ರಾಮ ಪಂಚಾಯ್ತಿಗಳಿಗೆ ಚುನಾವಣೆ ಬಂದಾಗ ಅವರ ಸ್ಥಾನ ಮಹಿಳೆಗೆ ಮೀಸಲಿರಲಿಲ್ಲ. ಅತ್ತೆಯನ್ನು ಯಾರೂ ಕರೆಯಲಿಲ್ಲ.

ಆ ವರ್ಷಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಇಂಥ ಅರೆದೆರೆದ ಕದಗಳ ಹಿಂದಿನ ಮಾತನ್ನು ಕೇಳಿಸಿಕೊಂಡ ಇನ್ನೊಬ್ಬರಿದ್ದರು. ಹಾಸನದ ಬಾನು ಮುಷ್ತಾಕ್. ಲಂಕೇಶ್ ಪತ್ರಿಕೆಗೆ ವರದಿ ಮಾಡಿದವರು, ಹಾಸನದ ನಗರಸಭೆಗೆ ಆರಿಸಿ ಬಂದವರು, ವಕೀಲರು. ಅವರ 'ಎದೆಯ ಹಣತೆ' ಕಥೆಯಲ್ಲಿಯೂ ಗಂಡನಿಂದ ನೊಂದು ತವರಿಗೆ ಬಂದವಳನ್ನು ಅಣ್ಣತಮ್ಮಂದಿರೇ ಹಿಂದಕ್ಕೆ ಕಳಿಸುತ್ತಾರೆ. ಓದಿದಾಗ ನನಗೆ ಅತ್ತೆಯ ಊರಿನ ಅರಳಿಕಟ್ಟೆ ಕಣ್ಣಮುಂದೆ ಬಂತು. ಜಾತಿ ಧರ್ಮ ಬೇರೆಯಾದರೂ ತವರಿನ ಉತ್ತರ ಒಂದೇ. ಆ ಕಥೆಯೂ ಸೇರಿದ ಇಂಗ್ಲಿಷ್ ಸಂಕಲನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಹುಮಾನ ಬಂದಾಗ ನಮ್ಮ ಶಾಲೆಯಲ್ಲಿ ಸಿಹಿ ಹಂಚಿದೆವು.

ಇನ್ನು ಕಾನೂನಿನ ಮಾತು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ಸಂರಕ್ಷಿಸುವ ಕಾಯ್ದೆ 2005ರಲ್ಲಿ ಆಯಿತು, 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂತು. ಹೊಡೆತ ಒಂದೇ ಹಿಂಸೆಯಲ್ಲ, ಬೈಗುಳ, ಹೆದರಿಕೆ, ಖರ್ಚಿಗೆ ಕೊಡದೆ ಸತಾಯಿಸುವುದು ಕೂಡ ಹಿಂಸೆಯೇ ಎಂದು ಅದು ಒಪ್ಪಿತು. ಅದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 17ನೇ ಕಲಮು. ಮನೆ ಯಾರ ಹೆಸರಿನಲ್ಲೇ ಇರಲಿ, ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಹೆಂಡತಿಗೆ ಉಂಟು, ಕಾನೂನಿನ ಕ್ರಮವಿಲ್ಲದೆ ಅವಳನ್ನು ಹೊರಗೆ ಹಾಕುವಂತಿಲ್ಲ. ಮ್ಯಾಜಿಸ್ಟ್ರೇಟರು ಬೇಕಾದರೆ ಹೊಡೆಯುವವನನ್ನೇ ಹೊರಗಿರು ಎನ್ನಬಹುದು. ಇದನ್ನು ಮೊದಲ ಸಲ ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ರಾತ್ರಿ ಯಾರು ಕದ ತೆಗೆಯುತ್ತಾರೆ ಎಂದು ನಾವೆಲ್ಲ ಚಿಂತಿಸಿದ್ದೆವು. ಅವಳೇ ಏಕೆ ಮನೆ ಬಿಟ್ಟು ಬರಬೇಕು ಎಂದು ಅತ್ತೆಯಾಗಲಿ ನಾನಾಗಲಿ ಒಂದು ದಿನವೂ ಕೇಳಿರಲಿಲ್ಲ.

ಕಾಯ್ದೆ ತಾನಾಗಿ ಮನೆಗೆ ನಡೆದು ಬರುವುದಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳು ಬೆಳಗಿನ ಹೊತ್ತು ಪಾಠದಲ್ಲಿ ನಿದ್ದೆ ಮಾಡುತ್ತಿದ್ದಳು. ಬೈದೆ. ನಾಲ್ಕನೇ ಸಲ ಬೈದ ಮೇಲೆ ಗೊತ್ತಾಯಿತು, ಮನೆಯಲ್ಲಿ ಗಲಾಟೆಯಾಗಿ ತಾಯಿ ಮಗಳು ರಾತ್ರಿಯೆಲ್ಲ ದನದ ಕೊಟ್ಟಿಗೆಯಲ್ಲಿ ಕೂತಿರುತ್ತಿದ್ದರಂತೆ. ಮೂರು ಸಲ ಸುಮ್ಮನೆ ಬೈದದ್ದು ಈಗಲೂ ನನ್ನನ್ನು ಚುಚ್ಚುತ್ತದೆ. ಆ ಊರಿನ ಗ್ರಾಮ ಪಂಚಾಯ್ತಿ ಸದಸ್ಯೆ, ಮೂವತ್ತು ದಾಟದ ಹೆಣ್ಣುಮಗಳು, ನನಗಿಂತ ಚೆನ್ನಾಗಿ ದಾರಿ ಬಲ್ಲವಳಾಗಿದ್ದಳು. "ಮೇಡಂ, ಮೊದಲು ಆಸ್ಪತ್ರೆಗೆ ಹೋಗಿ ಗಾಯದ ಚೀಟಿ ಮಾಡಿಸೋಣ" ಎಂದಳು. ಅಲ್ಲಿಂದ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ. ಜನ ಸಿಡಿಪಿಓ ಎನ್ನುವ ಇವರೇ ಈ ಕಾಯ್ದೆಯ ಕೆಳಗೆ ಸಂರಕ್ಷಣಾಧಿಕಾರಿ. ಅವರು ನಡೆದದ್ದನ್ನು ವರದಿ ಬರೆದು ನ್ಯಾಯಾಲಯಕ್ಕೆ ಕಳಿಸಿದರು. ಅರ್ಜಿಯನ್ನು ಅರವತ್ತು ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನಮಗೆ ಏಳು ತಿಂಗಳು ಹಿಡಿಯಿತು. ಅಷ್ಟು ದಿನ ಆ ಸದಸ್ಯೆ ಪ್ರತಿ ತಾರೀಖಿಗೂ ಬಸ್ಸಿಗೆ ತನ್ನ ದುಡ್ಡು ಹಾಕಿಕೊಂಡು ಬಂದಳು. ತಾಯಿ ಮಗಳು ತಮ್ಮ ಮನೆಯಲ್ಲೇ ಉಳಿದರು. ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾದಳು.

ಅತ್ತೆಗೂ ಈ ಹುಡುಗಿಗೂ ಧೈರ್ಯದಲ್ಲಿ ವ್ಯತ್ಯಾಸವಿರಲಿಲ್ಲ. ಅತ್ತೆಯ ಹಿಂದೆ ಒಂದು ಬಾಗಿಲು ಮಾತ್ರ ಇತ್ತು, ಈಕೆಯ ಹಿಂದೆ ಕಾಯ್ದೆ ಇತ್ತು, ಅಧಿಕಾರಿ ಇದ್ದರು, 181 ಎಂಬ ಸಹಾಯವಾಣಿ ಇತ್ತು. 2010ರ ತಿದ್ದುಪಡಿಯಿಂದ ನಮ್ಮ ಪಂಚಾಯ್ತಿಗಳಲ್ಲಿ ಹೆಂಗಸರ ಮೀಸಲಾತಿ ಅರ್ಧಕ್ಕೆ ಏರಿತು. ಹೆಂಗಸರು ಮಕ್ಕಳ ಕ್ಷೇಮ ನೋಡುವುದು ಸಾಮಾಜಿಕ ನ್ಯಾಯ ಸಮಿತಿಯ ಕೆಲಸವೆಂದು 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. 498-ಎ ಕೂಡ 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿ ಉಳಿದಿದೆ. 'ಇದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ' ಎನ್ನುವ ಉತ್ತರ ಇನ್ನು ನಡೆಯದು.

ಆದರೂ ಚುನಾವಣೆ ಬಂದಾಗ ಬಾಗಿಲಿಗೆ ಬರುವವರು ಮಾತಾಡುವುದು ನಲ್ಲಿ, ಚರಂಡಿ, ಬೀದಿ ದೀಪವನ್ನೇ. ಅವೂ ಬೇಕು. ಅವರು ಹೇಳಿ ಮುಗಿಸಿದ ಮೇಲೆ ನಾವು ಕೇಳಬೇಕಾದದ್ದು ಒಂದಿದೆ. ಸಂರಕ್ಷಣಾಧಿಕಾರಿ ಯಾರು, ಕಚೇರಿ ಎಲ್ಲಿ, ಗೊತ್ತಿದೆಯೇ? ನಮ್ಮ ಬೀದಿಯವಳೊಬ್ಬಳ ಜೊತೆ ಅಲ್ಲಿಗೆ ಬರುತ್ತೀರಾ?

ಅತ್ತೆಗೆ ಈಗ ಎಂಬತ್ತು ದಾಟಿದೆ. ಮಾವ ತೀರಿಕೊಂಡು ಬಹಳ ವರ್ಷವಾಯಿತು. ಕಳೆದ ದೀಪಾವಳಿಗೆ ಹೋದಾಗ ರಾತ್ರಿ ನಾನು ಮುಂಬಾಗಿಲಿಗೆ ಅಗುಳಿ ಹಾಕಲು ಹೊರಟೆ. "ಹಾಕು, ಕಳ್ಳಕಾಕರ ಭಯ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಯಾರಾದರೂ ತಟ್ಟಿದರೆ ನನ್ನ ಎಬ್ಬಿಸು, ಕಿವಿ ಮಂದ ಆಗಿದೆ" ಎಂದರು.