ಮ್ಯಾಡ್ರಿಡ್ ಕೇರಿಗೆ ಬಂದ ಷೇಕ್ಸ್‌ಪಿಯರನ ಗಯ್ಯಾಳಿ

ಷೇಕ್ಸ್‌ಪಿಯರನ 'ದಿ ಟೇಮಿಂಗ್ ಆಫ್ ದ ಶ್ರೂ' ಕನ್ನಡಿಗರಿಗೆ ಹೊಸದಲ್ಲ. ಪರ್ವತವಾಣಿಯವರ 'ಬಹದ್ದೂರ್ ಗಂಡ' ನಾಟಕವಾಗಿ, ಅದನ್ನು ಆಧರಿಸಿದ 1989ರ 'ನಂಜುಂಡಿ ಕಲ್ಯಾಣ' ಚಿತ್ರವಾಗಿ ಆ ಗಯ್ಯಾಳಿಯ ಕಥೆ ಇಲ್ಲಿಯದೇ ಆಗಿಬಿಟ್ಟಿದೆ. ಇದಕ್ಕೂ ಬಹಳ ಮೊದಲು, 1896ರ ಡಿಸೆಂಬರ್ 12ರಂದು, ಅವಳು ಮ್ಯಾಡ್ರಿಡ್‌ನ ಅಪೋಲೊ ರಂಗಮಂದಿರಕ್ಕೂ ಕಾಲಿಟ್ಟಿದ್ದಳು. ಹಾಡುಗಳ ಆ ನಾಟಕದ ಹೆಸರು 'ಲಾಸ್ ಬ್ರಾವಿಯಾಸ್'. ಎಂದರೆ ಬಜಾರಿಯರು. ಮೂಲದಲ್ಲಿ ಒಬ್ಬಳೇ; ಇಲ್ಲಿ ಬಹುವಚನ!

ಇದು ಥಾರ್ಥುವೇಲಾ ಎಂಬ ಪ್ರಕಾರಕ್ಕೆ ಸೇರಿದ್ದು. ಮಾತು, ಹಾಡು, ಕುಣಿತ ಬೆರೆತ ಈ ಸಂಗೀತ ನಾಟಕ 17ನೇ ಶತಮಾನದಲ್ಲಿ ಸ್ಪೇನಿನ ಅರಮನೆಯ ವಿನೋದವಾಗಿತ್ತು. ಅದನ್ನು ಜನಸಾಮಾನ್ಯರ ಕೈಗೆ ತಂದದ್ದು ಒಂದು ವ್ಯಾಪಾರೀ ಉಪಾಯ. 1860ರ ದಶಕದ ಕೊನೆಗೆ ಮ್ಯಾಡ್ರಿಡ್‌ನ ಕೆಲವು ನಟರು, ಇಡೀ ಸಂಜೆಗೊಂದು ದುಬಾರಿ ನಾಟಕದ ಬದಲು, ಗಂಟೆಗೊಂದು ಕಿರುನಾಟಕ ಆಡತೊಡಗಿದರು. ಪ್ರತಿ ಆಟಕ್ಕೂ ಬೇರೆ ಟಿಕೆಟ್, ಅಗ್ಗದ ದರ. ಕೂಲಿಯವನೂ ದುಡಿಮೆ ಮುಗಿಸಿ ಬಂದು ಕೂರಬಹುದಿತ್ತು. ಅಪೋಲೊದ ನಡುರಾತ್ರಿಯ ನಾಲ್ಕನೇ ಆಟವಂತೂ ಊರಿಗೆಲ್ಲ ಹೆಸರುವಾಸಿ.

ಷೇಕ್ಸ್‌ಪಿಯರನ ಐದು ಅಂಕಗಳು ಈ ಗಡಿಯಾರಕ್ಕೆ ತಲೆಬಾಗಬೇಕಾಯಿತು. ಹೊಸೆ ಲೋಪೆಸ್ ಸಿಲ್ವಾ ಮತ್ತು ಕಾರ್ಲೋಸ್ ಫೆರ್ನಾಂದೆಸ್ ಶಾ ಅವನ್ನು ಒಂದೇ ಅಂಕಕ್ಕೆ ಇಳಿಸಿದರು. ಇಟಲಿಯ ಪದುವಾದ ಸಿರಿವಂತರ ಮನೆ ಹೋಗಿ ಮ್ಯಾಡ್ರಿಡ್‌ನ ದುಡಿಯುವವರ ಕೇರಿ ಬಂತು. ಲೋಪೆಸ್ ಸಿಲ್ವಾ ಆ ಕೇರಿಗಳ ಆಡುಮಾತಿನಲ್ಲೇ ಪದ್ಯ ಕಟ್ಟುವುದರಲ್ಲಿ ಪಳಗಿದ ಕೈ. ಸಂಗೀತ ರುಪೆರ್ತೊ ಚಾಪಿಯದು. ದೊಡ್ಡ ಆಪೆರಾಗಳ ಕನಸು ಕಂಡಿದ್ದ ಈತ ಕಿರುನಾಟಕವನ್ನೂ ಹಗುರವಾಗಿ ಕಂಡವನಲ್ಲ.

ಆದರೂ ಎರವಲು ಕಥೆಗೆ ಒಂದು ತೊಡಕಿತ್ತು. ಹೆಂಡತಿಯನ್ನು ಉಪವಾಸ ಕೆಡವಿ, ನಿದ್ದೆಗೆಡಿಸಿ ದಾರಿಗೆ ತರುವ ಗಂಡನೇ ಮೂಲದ ನಾಯಕ. ನಗುವಿನ ಕೆಳಗೆ ಇರುವುದು ಕ್ರೌರ್ಯವೇ. ಮರುವರ್ಷ, 1897ರ ನವೆಂಬರ್‌ನಲ್ಲಿ, ಇದೇ ಮೂವರು ಇದೇ ಅಪೋಲೊಗೆ 'ಲಾ ರೆವೊಲ್ತೋಸಾ' ಕೊಟ್ಟರು. ಈ ಬಾರಿ ಷೇಕ್ಸ್‌ಪಿಯರನ ಹಂಗಿಲ್ಲ. ವಠಾರದ ಗಂಡಸರೆಲ್ಲ ಚೆಲುವೆ ಮಾರಿ ಪೇಪಾಳ ಹಿಂದೆ ಬೀಳುತ್ತಾರೆ. ಅವರಿಗೆ ಬುದ್ಧಿ ಕಲಿಸುವವರು ಅವರವರ ಹೆಂಡಿರು. ಮಾರಿ ಪೇಪಾಳನ್ನು ಯಾರೂ ಪಳಗಿಸುವುದಿಲ್ಲ. ಅವಳೂ ಅವಳ ಫೆಲಿಪೆಯೂ ಸಮಸಮವಾಗಿ ಸೆಣಸಿ, ಸಮಸಮವಾಗಿ ಸೋಲುತ್ತಾರೆ.

ಅಪೋಲೊ 1929ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಬ್ಯಾಂಕ್ ಎದ್ದಿತು. 'ಲಾಸ್ ಬ್ರಾವಿಯಾಸ್' ಅಪರೂಪಕ್ಕೊಮ್ಮೆ ರಂಗಕ್ಕೆ ಬರುತ್ತದೆ. 'ಲಾ ರೆವೊಲ್ತೋಸಾ'ದ ಜೋಡಿಗೀತೆಯನ್ನು ಸ್ಪೇನ್ ಇಂದಿಗೂ ಹಾಡುತ್ತಿದೆ.