ವೆನಿಸ್ಸಿನ ಹಿನ್ನೀರಿನ ರೇವುಪಟ್ಟಣಗಳು

ಇಟಲಿ ದೇಶದ ಈಶಾನ್ಯ ಭಾಗದಲ್ಲಿ, ಆಲ್ಪ್ಸ್ ಪರ್ವತಗಳಿಂದ ಇಳಿದ ನದಿಗಳು ಏಡ್ರಿಯಾಟಿಕ್ ಸಮುದ್ರವನ್ನು ಸೇರುವ ಎಡೆಯಲ್ಲಿ, ಸುಮಾರು 550 ಚದರ ಕಿಲೋಮೀಟರುಗಳಷ್ಟು ವಿಸ್ತಾರವಾದ ಒಂದು ಹಿನ್ನೀರು ಉಂಟು. ಇದನ್ನು ಸಮುದ್ರವೆನ್ನುವಂತಿಲ್ಲ, ಸರೋವರವೆನ್ನುವಂತೆಯೂ ಇಲ್ಲ. ಉದ್ದವಾದ ಮರಳಿನ ದಿಣ್ಣೆಗಳು ಸಮುದ್ರಕ್ಕೂ ಇದಕ್ಕೂ ನಡುವೆ ಅಡ್ಡವಾಗಿ ಮಲಗಿವೆ. ಆ ದಿಣ್ಣೆಗಳನ್ನು ಸೀಳಿರುವ ಮೂರು ಅಳಿವೆಗಳ ಮೂಲಕ ದಿನಕ್ಕೆ ಎರಡಾವರ್ತಿ ಸಮುದ್ರದ ನೀರು ಒಳಕ್ಕೆ ಬಂದು ಹೊರಕ್ಕೆ ಹೋಗುತ್ತದೆ. ಬಹುಭಾಗದಲ್ಲಿ ನೀರು ಮನುಷ್ಯನ ಎದೆಮಟ್ಟವನ್ನು ಮೀರದು. ವೆನಿಸ್ ನಗರವಿರುವುದು ಈ ಹಿನ್ನೀರಿನ ಮಧ್ಯದಲ್ಲಿ. ಆ ನಗರವನ್ನು ಕುರಿತು ಶ್ರೋತೃಗಳು ಕೇಳಿರದ ಸಂಗತಿ ಅಪರೂಪ. ಆದರೆ ಆ ನೀರು ಸಾಕಿದ್ದು ವೆನಿಸ್ಸೊಂದನ್ನೇ ಅಲ್ಲ. ಉತ್ತರದ ಅಂಚಿನಲ್ಲಿ ಟೊರ್ಚೆಲ್ಲೊ, ದಕ್ಷಿಣದ ಅಂಚಿನಲ್ಲಿ ಕ್ಯೊಜ್ಜ ಎಂಬ ಎರಡು ಹಳೆಯ ರೇವುಗಳುಂಟು. ನಾವು ವೆನಿಸ್ಸಿನಲ್ಲಿ ತಂಗಿದ್ದಾಗ ಒಂದು ದಿನ ಉತ್ತರಕ್ಕೂ ಮತ್ತೊಂದು ದಿನ ದಕ್ಷಿಣಕ್ಕೂ ದೋಣಿಯಲ್ಲಿ ಹೋಗಿಬಂದೆವು.

ಅಲ್ಲಿಯ ಜನ ಈ ದೋಣಿಯನ್ನು ವಪೊರೆತ್ತೊ ಎನ್ನುತ್ತಾರೆ. ಪುಟ್ಟ ಉಗಿದೋಣಿ ಎಂದು ಅರ್ಥ. ಉಗಿ ಹೋಗಿ ಎಣ್ಣೆಯ ಯಂತ್ರ ಬಂದು ಬಹುಕಾಲವಾದರೂ ಹೆಸರು ಹೋಗಿಲ್ಲ. ನಗರದ ಉತ್ತರದ ದಕ್ಕೆಯಾದ ಫೊಂಡಮೆಂಟೆ ನೊವೆಯಿಂದ ಹೊರಟ ದೋಣಿ, ಗೋರಿಗಳಿಗೂ ಸೈಪ್ರೆಸ್ ಮರಗಳಿಗೂ ಮೀಸಲಾದ ಸಾನ್ ಮಿಕೇಲೆ ದ್ವೀಪವನ್ನು ಬಳಸಿಕೊಂಡು, ಗಾಜಿನ ಕೆಲಸದ ಮುರಾನೊವನ್ನು ಹಿಂದಿಕ್ಕಿ, ಬಯಲು ನೀರಿಗೆ ಬಂದಿತು. ಬಯಲೆಂದ ಮಾತ್ರಕ್ಕೆ ಎತ್ತ ಬೇಕಾದರತ್ತ ದೋಣಿ ನಡೆಯಲಾರದು. ಮೂರು ಮೂರಾಗಿ ಕಟ್ಟಿ ನೆಟ್ಟ ಮರದ ಗೂಟಗಳ ಸಾಲು ಕಾಲುವೆಯ ದಾರಿಯನ್ನು ತೋರಿಸುತ್ತದೆ. ಆ ಸಾಲನ್ನು ಬಿಟ್ಟು ಆಚೆಗೆ ಹೋದರೆ ಕೆಸರು. ಇಳಿತದ ಹೊತ್ತಿನಲ್ಲಿ ಆ ಕೆಸರು ಅಲ್ಲಲ್ಲಿ ಮೇಲೆದ್ದು, ಬೆಳ್ಳಕ್ಕಿಗಳು ಅದರ ಮೇಲೆ ನಡೆದಾಡುತ್ತಿದ್ದುವು. ದೋಣಿಯ ಅಂಚಿನಲ್ಲಿ ನಿಂತು ಇದನ್ನು ನೋಡಿದಾಗಲೇ ಈ ಪಟ್ಟಣಗಳ ಚರಿತ್ರೆ ಅರ್ಧ ತಿಳಿದಂತಾಯಿತು. ಶತ್ರುವಿನ ಹಡಗಿಗೆ ಗೂಟಗಳನ್ನು ಕಿತ್ತುಹಾಕಿದರೆ ಸಾಕು, ಕೋಟೆ ಬೇಡ. ಆದರೆ ಅದೇ ಕೆಸರು ನಾಲ್ಕು ಅಡಿ ಹೆಚ್ಚಿದರೆ ರೇವೂ ಬೇಡವಾಗುತ್ತದೆ.

ಟೊರ್ಚೆಲ್ಲೊಗೆ ಆದದ್ದು ಇದೇ. ರೋಮನರ ಕಾಲದ ಆಲ್ಟಿನೊ ಎಂಬ ಪಟ್ಟಣದವರು, ಹೂಣರ ಹಾವಳಿಯ ತರುವಾಯ ಲೊಂಬಾರ್ಡರ ಹಾವಳಿಯೂ ಬಂದಾಗ, ನೆಲವನ್ನು ಬಿಟ್ಟು ಈ ದ್ವೀಪಕ್ಕೆ ಬಂದರು. ಅಲ್ಲಿಯ ಮಹಾದೇವಾಲಯ ಸ್ಥಾಪಿತವಾದದ್ದು ಕ್ರಿ. ಶ. 639ರಲ್ಲಿ, ಆ ಶಿಲಾಲೇಖ ಇಂದಿಗೂ ಉಂಟು. 10ನೆಯ ಶತಮಾನದಲ್ಲಿ ಬೈಜಾಂಟಿಯಮ್ಮಿನ ಚಕ್ರವರ್ತಿ ಏಳನೆಯ ಕಾನ್‌ಸ್ಟಂಟೈನನು ಇದನ್ನು ದೊಡ್ಡ ವ್ಯಾಪಾರಸ್ಥಳವೆಂದು ಬರೆದನು. ಆ ಕಾಲದಲ್ಲಿ ರಿಯಾಲ್ಟೊ ದ್ವೀಪಗಳ ವೆನಿಸ್ಸು ಇನ್ನೂ ತಲೆಯೆತ್ತುತ್ತಿದ್ದಿತು. ಬಳಿಕ ನದಿಗಳು ತಂದ ಹೂಳು ಟೊರ್ಚೆಲ್ಲೊದ ಕಾಲುವೆಗಳನ್ನು ತುಂಬಿತು. ಉಪ್ಪುನೀರು ಹಿಂದೆ ಸರಿದು ಜೊಂಡು ಬೆಳೆಯಿತು. ಜೊಂಡಿನೊಡನೆ ಸೊಳ್ಳೆ, ಸೊಳ್ಳೆಯೊಡನೆ ಚಳಿಜ್ವರ. ಜನ ಒಬ್ಬೊಬ್ಬರಾಗಿ ಮುರಾನೊಗೂ ವೆನಿಸ್ಸಿಗೂ ಹೋದರು. ಬಿಟ್ಟುಹೋದ ಮನೆಗಳ ಕಲ್ಲುಗಳನ್ನು ವೆನಿಸ್ಸಿನವರು ದೋಣಿಗಳಲ್ಲಿ ಹೇರಿಕೊಂಡು ಹೋಗಿ ತಮ್ಮ ಮನೆಗಳನ್ನು ಕಟ್ಟಿಕೊಂಡರು.

ಈಗ ಅಲ್ಲಿ ನೆಲೆಯಾಗಿರುವವರು ಹತ್ತು ಹದಿನೈದು ಮಂದಿ. ದಕ್ಕೆಯಿಂದ ಒಂದು ಕಾಲುವೆಯ ಪಕ್ಕದಲ್ಲಿ ನಡೆದು, ಕೈಪಿಡಿಗೋಡೆಯಿಲ್ಲದ ಹಳೆಯ ಸೇತುವೆಯೊಂದನ್ನು ಕಂಡು, ಹುಲ್ಲು ಬೆಳೆದ ಚೌಕವನ್ನು ಸೇರಿದೆವು. ಅಲ್ಲಿರುವ ಒಂದು ಕಲ್ಲಿನ ಪೀಠವನ್ನು ಅಟ್ಟಿಲನ ಸಿಂಹಾಸನವೆಂದು ತೋರಿಸುತ್ತಾರೆ. ಅಟ್ಟಿಲನು ಇಲ್ಲಿಗೆ ಬಂದವನಲ್ಲ. ಆದರೂ ಪ್ರವಾಸಿಗಳು ಸರದಿಯಂತೆ ಅದರ ಮೇಲೆ ಕುಳಿತು ಚಿತ್ರ ತೆಗೆಯಿಸಿಕೊಳ್ಳುತ್ತಾರೆ. ದೇವಾಲಯದ ಒಳಗೆ ಪಶ್ಚಿಮದ ಗೋಡೆ ತುಂಬ ಕೊನೆಯ ತೀರ್ಪಿನ ದಿನದ ವರ್ಣಶಿಲಾಚಿತ್ರ. ಎದುರಿಗೆ, ಬರಿಯ ಬಂಗಾರದ ಹಿನ್ನೆಲೆಯಲ್ಲಿ, ಕೂಸನ್ನೆತ್ತಿಕೊಂಡು ಒಂಟಿಯಾಗಿ ನಿಂತ ಮೇರಿಯ ನೀಳವಾದ ಆಕೃತಿ. ಸಾವಿರಾರು ಜನರಿಗಾಗಿ ಮಾಡಿದ ಚಿತ್ರವನ್ನು ಆ ಮಧ್ಯಾಹ್ನ ನಾವು ಏಳೆಂಟು ಮಂದಿ ನೋಡಿದೆವು.

ಟೊರ್ಚೆಲ್ಲೊದ ಸಾವನ್ನು ವೆನಿಸ್ಸು ಕಣ್ಣಮುಂದೆಯೇ ಕಂಡಿತು, ಕಂಡು ಹೆದರಿತು. ಆ ಹೆದರಿಕೆಯಿಂದ ಹುಟ್ಟಿದ ಕೆಲಸವೇ ಆ ಗಣರಾಜ್ಯದ ಎಲ್ಲಕ್ಕಿಂತ ದೊಡ್ಡ ಕೆಲಸವೆಂಬುದು ನಮ್ಮ ಅಭಿಪ್ರಾಯ. ಅರಮನೆಗಳನ್ನೂ ವರ್ಣಚಿತ್ರಗಳನ್ನೂ ಎಲ್ಲರೂ ಹೊಗಳುತ್ತಾರೆ. ಗುದ್ದಲಿಯ ಕೆಲಸವನ್ನು ಹೊಗಳುವವರು ಕಡಮೆ. 1501ರಲ್ಲಿ ನೀರಿನ ವಿಚಾರವನ್ನು ನೋಡಿಕೊಳ್ಳಲು ಪ್ರತ್ಯೇಕವಾದ ಅಧಿಕಾರಿಮಂಡಲಿಯನ್ನು ನೇಮಿಸಿದರು. ಹಿನ್ನೀರಿಗೆ ಬೀಳುತ್ತಿದ್ದ ಬ್ರೆಂಟಾ ನದಿಯನ್ನು ದಕ್ಷಿಣಕ್ಕೆ ತಿರುಗಿಸಿದರು. ಪಿಯಾವೆಯನ್ನು ಪೂರ್ವಕ್ಕೆ ತಳ್ಳಿದರು. 1684ರಲ್ಲಿ ಸಿಲೆ ನದಿಯನ್ನು ಪಿಯಾವೆಯ ಹಳೆಯ ಪಾತ್ರಕ್ಕೆ ಬಿಟ್ಟರು. ಇಟಲಿಯ ಅತ್ಯಂತ ದೊಡ್ಡ ನದಿಯಾದ ಪೊ ಕೂಡ ಉತ್ತರಕ್ಕೆ ಹೂಳನ್ನು ಚೆಲ್ಲುತ್ತಿದ್ದುದರಿಂದ, 1600ರಿಂದ 1604ರವರೆಗೆ ಪೊರ್ಟೊ ವಿರೊ ಎಂಬಲ್ಲಿ ಹೊಸ ಪಾತ್ರವನ್ನು ಅಗೆದು ಅದನ್ನೂ ದಕ್ಷಿಣಕ್ಕೆ ಹರಿಯಿಸಿದರು. ಈ ತಿರುಗಿಸಿದ ನದಿಗಳ ಪ್ರವಾಹಕ್ಕೆ ಸಿಕ್ಕಿ ಹೊಲಗದ್ದೆಗಳನ್ನು ಕಳೆದುಕೊಂಡ ಒಳನಾಡಿನ ರೈತರ ಮಾತು ಮಾತ್ರ ನಮ್ಮ ಕಿವಿಗೆ ಅಷ್ಟಾಗಿ ಬೀಳುವುದಿಲ್ಲ. ರೇವು ಉಳಿಯಿತು, ಅದರ ಬೆಲೆಯನ್ನು ಬೇರೆಯವರೂ ತೆತ್ತರು.

ಆ ರೇವಿಗೆ ಬರುತ್ತಿದ್ದ ಸಂಪತ್ತಿನಲ್ಲಿ ಮೆಣಸಿಗೆ ಮುಖ್ಯವಾದ ಸ್ಥಾನ. ನಮ್ಮ ಪಡುವಣ ಕರಾವಳಿಯ ಮೆಣಸು ಅರಬರ ಹಡಗುಗಳಲ್ಲಿ ಕೆಂಪು ಸಮುದ್ರಕ್ಕೂ, ಅಲ್ಲಿಂದ ಅಲೆಕ್ಸಾಂಡ್ರಿಯಕ್ಕೂ ಹೋಗಿ, ವೆನಿಸ್ಸಿನ ದೊಡ್ಡ ಹುಟ್ಟುಹಡಗುಗಳನ್ನೇರಿ ಇಲ್ಲಿಗೆ ಬಂದು, ಜರ್ಮನಿಯ ವರ್ತಕರ ಕೈ ಸೇರುತ್ತಿದ್ದಿತು. 1498ರಲ್ಲಿ ವಾಸ್ಕೊ ಡ ಗಾಮನು ಕಲ್ಲಿಕೋಟೆಯನ್ನು ಮುಟ್ಟಿದನು. ಪೋರ್ಚುಗೀಸರು ನೇರವಾಗಿ ಮೆಣಸನ್ನು ತಂದರೆಂಬ ಸುದ್ದಿ 1501ರಲ್ಲಿ ಬಂದಾಗ ಜಿರೊಲಾಮೊ ಪ್ರಿಯುಲಿ ಎಂಬ ಸಾಹುಕಾರನು ತನ್ನ ದಿನಚರಿಯಲ್ಲಿ ನಗರದ ಸರ್ವನಾಶವನ್ನೇ ಕಂಡನು. ಅವನ ಭಯ ಅಷ್ಟು ಬೇಗ ನಿಜವಾಗಲಿಲ್ಲ. 16ನೆಯ ಶತಮಾನದ ಮಧ್ಯದಲ್ಲಿ ವೆನಿಸ್ಸಿನ ಮೆಣಸಿನ ವ್ಯಾಪಾರ ಮತ್ತೆ ಚೇತರಿಸಿಕೊಂಡಿತು. ನದಿಗಳನ್ನು ತಿರುಗಿಸಿದವರಿಗೆ ಸಮುದ್ರಮಾರ್ಗವನ್ನು ತಿರುಗಿಸಲು ಮಾತ್ರ ಕೊನೆಗೂ ಆಗಲಿಲ್ಲ.

ಎರಡನೆಯ ದಿನ ದಕ್ಷಿಣಕ್ಕೆ ಹೊರಟೆವು. ಈ ಪ್ರಯಾಣ ವಿಚಿತ್ರವಾದುದು. ಮೊದಲು ಲೀಡೊ ಎಂಬ ಮರಳಿನ ದಿಣ್ಣೆಗೆ ದೋಣಿ, ಅಲ್ಲಿ ಬಸ್ಸು, ದಿಣ್ಣೆ ಮುಗಿದಲ್ಲಿ ಬಸ್ಸೇ ಜನರೊಡನೆ ಒಂದು ಚಪ್ಪಟೆಯಾದ ಹಡಗನ್ನೇರಿ ಅಳಿವೆಯನ್ನು ದಾಟುತ್ತದೆ, ಪೆಲ್ಲೆಸ್ಟ್ರಿನಾ ಎಂಬ ಎರಡನೆಯ ದಿಣ್ಣೆಯುದ್ದಕ್ಕೂ ಓಡುತ್ತದೆ, ಅದರ ತುದಿಯಲ್ಲಿ ಕ್ಯೊಜ್ಜಕ್ಕೆ ಮತ್ತೊಂದು ದೋಣಿ. ದಾರಿಯಲ್ಲಿ ಮಲಮೊಕ್ಕೊ ಸಿಕ್ಕಿತು. ವೆನಿಸ್ಸಿನ ಅಧಿಪತಿಗಳಾದ ಡೋಜರು 8ನೆಯ ಶತಮಾನದಲ್ಲಿ ಆಳುತ್ತಿದ್ದುದು ಮಲಮೊಕ್ಕೊದಿಂದ. ಆದರೆ ಆ ಹಳೆಯ ಊರು ಈಗಿನ ಊರಲ್ಲ. 12ನೆಯ ಶತಮಾನದ ಆರಂಭದಲ್ಲಿ ಅದನ್ನು ಸಮುದ್ರ ನುಂಗಿತು. ಟೊರ್ಚೆಲ್ಲೊ ನೀರು ಸಾಲದೆ ಸತ್ತರೆ ಇದು ನೀರು ಹೆಚ್ಚಾಗಿ ಸತ್ತಿತು.

ಪೆಲ್ಲೆಸ್ಟ್ರಿನಾದಲ್ಲಿ ನಾವು ವೇಳಾಪಟ್ಟಿಯನ್ನು ತಪ್ಪಾಗಿ ಓದಿ ದೋಣಿಯನ್ನು ಕಳೆದುಕೊಂಡೆವು. ರಜಾದಿನದ ಸಾಲನ್ನು ನೋಡುವ ಬದಲು ಕೆಲಸದ ದಿನದ ಸಾಲನ್ನು ನೋಡಿದ್ದೆವು. ಹೀಗೆ ಸಿಕ್ಕಿದ ಬಿಡುವಿನಲ್ಲಿ ಊರಿನ ಹಿಂದಿರುವ ಮುರಾಜ್ಜಿ ಎಂಬ ಸಮುದ್ರಗೋಡೆಯನ್ನು ಹತ್ತಿದೆವು. ಒಂದು ಪಕ್ಕದಲ್ಲಿ ಬಣ್ಣ ಬಳಿದ ಬೆಸ್ತರ ಮನೆಗಳು, ಒಣಹಾಕಿದ ಬಲೆಗಳು, ಕನ್ನಡಿಯಂತಹ ಹಿನ್ನೀರು. ಇನ್ನೊಂದು ಪಕ್ಕದಲ್ಲಿ ಬೋರ್ಗರೆಯುವ ಏಡ್ರಿಯಾಟಿಕ್. ನಡುವೆ ಇಸ್ಟ್ರಿಯದ ಬಿಳಿಯ ಕಲ್ಲಿನ ಒಡ್ಡು, ಸುಮಾರು 14 ಮೀಟರು ಅಗಲ, ನಾಲ್ಕೂವರೆ ಮೀಟರು ಎತ್ತರ. ಬರ್ನಾರ್ಡಿನೊ ಜೆಂಡ್ರಿನಿ ಎಂಬ ಗಣಿತಜ್ಞನ ಯೋಜನೆಯಂತೆ 1744ರಲ್ಲಿ ಆರಂಭವಾದ ಈ ಕೆಲಸ ಮುಗಿದದ್ದು 1782ರಲ್ಲಿ. ಖಜಾನೆ ಬರಿದಾಗುತ್ತಿದ್ದ, ನೌಕಾಬಲ ಕುಗ್ಗಿದ್ದ, ಜೂಜಿಗೂ ಮುಖವಾಡದ ಕುಣಿತಕ್ಕೂ ಹೆಸರಾಗಿದ್ದ ವೃದ್ಧ ಗಣರಾಜ್ಯ ಇದನ್ನು ಕಟ್ಟಿತು. 15 ವರ್ಷಗಳ ಮೇಲೆ, 1797ರಲ್ಲಿ, ನೆಪೋಲಿಯನನ ಮುಂದೆ ಅದು ಒಂದು ದೊಡ್ಡ ಯುದ್ಧವನ್ನೂ ಮಾಡದೆ ಕೊನೆಗಂಡಿತು. ಗೋಡೆ ಮಾತ್ರ ನಿಂತಿತು.

1966ರ ನವೆಂಬರ್ 4ರಂದು ಆ ಗೋಡೆಯೂ ಒಡೆಯಿತು. ಪೆಲ್ಲೆಸ್ಟ್ರಿನಾದ ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ವೆನಿಸ್ಸಿನಲ್ಲಿ ನೀರು 194 ಸೆಂಟಿಮೀಟರಿಗೆ ಏರಿತು. ಆ ದಿನದ ನೆನಪಿನಿಂದ ಹುಟ್ಟಿದ ಯೋಜನೆಯ ಹೆಸರು ಮೋಸೆ. ಮೂರು ಅಳಿವೆಗಳ ತಳದಲ್ಲಿ ಒಟ್ಟು 78 ಉಕ್ಕಿನ ಕದಗಳು ಮಲಗಿವೆ; ಭರತ ಅತಿಯಾದಾಗ ಗಾಳಿ ತುಂಬಿ ಅವುಗಳನ್ನು ಮೇಲಕ್ಕೆತ್ತುತ್ತಾರೆ. 2003ರಲ್ಲಿ ಕೆಲಸ ಆರಂಭವಾಗಿ, ಲಂಚದ ಹಗರಣದಲ್ಲಿ ಸಿಕ್ಕಿಕೊಂಡು, 2019ರಲ್ಲಿ ಇನ್ನೊಂದು ಮಹಾಪೂರ ಬಂದುಹೋದ ಮೇಲೆ, 2020ರ ಅಕ್ಟೋಬರ್ 3ರಂದು ಮೊದಲ ಬಾರಿಗೆ ಆ ಕದಗಳು ನಗರವನ್ನು ನೀರಿನಿಂದ ಕಾದುವು. ಆದರೆ ಕದ ಮುಚ್ಚಿದಾಗ ಹಡಗುಗಳು ಹೊರಗೆ ಕಾಯಬೇಕು. ಹಿನ್ನೀರನ್ನು ತೊಳೆಯುವ ಸಮುದ್ರದ ಉಸಿರಾಟವೂ ನಿಲ್ಲುತ್ತದೆ. ಸಮುದ್ರದ ಮಟ್ಟ ಏರುತ್ತಿರುವುದರಿಂದ ಕದ ಮುಚ್ಚಬೇಕಾದ ದಿನಗಳೂ ಹೆಚ್ಚುತ್ತವೆ. ಪಟ್ಟಣವನ್ನು ಉಳಿಸಲು ರೇವನ್ನು ಮುಚ್ಚಬೇಕು. ರೇವಿಲ್ಲದೆ ಆ ಪಟ್ಟಣವೇಕೆ ಅಲ್ಲಿ ಇರಬೇಕು? 1951ರಲ್ಲಿ ಸುಮಾರು 1,75,000 ಜನರಿದ್ದ ಹಳೆಯ ನಗರದಲ್ಲಿ 2022ರ ವೇಳೆಗೆ 50,000 ಮಂದಿಯೂ ಉಳಿದಿರಲಿಲ್ಲ. ಟೊರ್ಚೆಲ್ಲೊವನ್ನು ಹಿಂದಿನ ದಿನವೇ ನೋಡಿ ಬಂದಿದ್ದ ನಮಗೆ ಈ ಅಂಕಿ ಹಿತವಾಗಿ ಕೇಳಲಿಲ್ಲ.

ಅಳಿವೆಯನ್ನು ಮುಚ್ಚುವುದು ವೆನಿಸ್ಸಿಗೆ ಹೊಸ ವಿದ್ಯೆಯೇನಲ್ಲ. 1379ರ ಆಗಸ್ಟಿನಲ್ಲಿ ಪ್ರತಿಸ್ಪರ್ಧಿಗಳಾದ ಜಿನೋವದವರು ಕ್ಯೊಜ್ಜವನ್ನು ಹಿಡಿದರು. ವೆನಿಸ್ಸಿನ ಹೊಸ್ತಿಲಲ್ಲಿ ಶತ್ರು ಬಂದು ಕುಳಿತಂತಾಯಿತು. ಹಿಂದಿನ ಸೋಲಿಗಾಗಿ ಸೆರೆಯಲ್ಲಿಟ್ಟಿದ್ದ ವೆಟ್ಟೊರ್ ಪಿಸಾನಿಯನ್ನು ಜನ ಕೂಗಿ ಬಿಡಿಸಿಕೊಂಡರು. ಎಪ್ಪತ್ತು ಮೀರಿದ ಡೋಜ್ ಆಂಡ್ರೆಯ ಕೊಂಟಾರಿನಿ ತಾನೇ ಹಡಗನ್ನೇರಿದನು. ಡಿಸೆಂಬರಿನ ಕೊರೆಯುವ ಚಳಿಯಲ್ಲಿ ಅವರು ಕಲ್ಲು ತುಂಬಿದ ಹಡಗುಗಳನ್ನು ಅಳಿವೆಯ ಕಾಲುವೆಗಳಲ್ಲಿ ಮುಳುಗಿಸಿ, ಕ್ಯೊಜ್ಜದೊಳಗೆ ಜಿನೋವದವರನ್ನು ಬಂಧಿಸಿಬಿಟ್ಟರು. 1380ರ ಜನವರಿ 1ರಂದು ಕಾರ್ಲೊ ಜೆನೊ ತನ್ನ ನೌಕೆಗಳೊಡನೆ ಪೂರ್ವದಿಂದ ಬಂದು ಸೇರಿದನು. ಜೂನ್ ತಿಂಗಳಲ್ಲಿ, ಹಸಿವಿನಿಂದ ಸೊರಗಿದ ಶತ್ರು ಶರಣಾದನು.

ಕ್ಯೊಜ್ಜ ಇಂದಿಗೂ ಕೆಲಸದ ಊರು. ಕಾಲುವೆಗಳ ತುಂಬ ಮೀನುಗಾರರ ದೋಣಿಗಳು. ಮಾರುಕಟ್ಟೆಯಲ್ಲಿ ಬೆಳಗಿನಿಂದಲೇ ಗದ್ದಲ. ದಕ್ಕೆಯ ಕಂಬದ ಮೇಲಿರುವ ಸಂತ ಮಾರ್ಕನ ಸಿಂಹ ಎಷ್ಟು ಚಿಕ್ಕದೆಂದರೆ ವೆನಿಸ್ಸಿನವರು ಅದನ್ನು ಕ್ಯೊಜ್ಜದ ಬೆಕ್ಕು ಎಂದು ಹಾಸ್ಯಮಾಡುತ್ತಾರೆ.

ಕನ್ನಡಿಗರಿಗೆ ಈ ಊರಿನಲ್ಲಿ ಒಬ್ಬ ಪರಿಚಿತನುಂಟು. ನಮ್ಮ ಶಾಲೆಯ ಚರಿತ್ರೆಯ ಪುಸ್ತಕಗಳಲ್ಲಿ ಬರುವ ನಿಕೊಲೊ ಕೊಂಟಿ ಹುಟ್ಟಿದ್ದು ಇಲ್ಲಿ. ವ್ಯಾಪಾರಕ್ಕಾಗಿ ಡಮಾಸ್ಕಸ್ಸಿಗೆ ಹೋದ ಈ ತರುಣ, ಅಲ್ಲಿ ಅರಬ್ಬೀ ಭಾಷೆಯನ್ನು ಕಲಿತು, ಪರ್ಷಿಯವನ್ನು ದಾಟಿ, ಸುಮಾರು 1420ರಲ್ಲಿ ವಿಜಯನಗರವನ್ನು ಕಂಡನು. ಬೆಟ್ಟಗಳ ಬುಡದವರೆಗೆ ಹಬ್ಬಿದ ಕೋಟೆಯನ್ನೂ, ದೀಪಗಳ ಹಬ್ಬವನ್ನೂ, ರಥೋತ್ಸವವನ್ನೂ ವರ್ಣಿಸಿದ ಯೂರೋಪಿಯನರಲ್ಲಿ ಅವನೇ ಮೊದಲಿಗನು. ಕಾಲು ಶತಮಾನ ಅಲೆದು ಹಿಂದಿರುಗುವಾಗ ಈಜಿಪ್ಟಿನಲ್ಲಿ ಅವನ ಹೆಂಡತಿಯೂ ಇಬ್ಬರು ಮಕ್ಕಳೂ ಸೇವಕರೂ ಪ್ಲೇಗಿಗೆ ತುತ್ತಾದರು. ಪ್ರಾಣಭಯದಿಂದ ಮತವನ್ನು ಬಿಟ್ಟಿದ್ದ ತಪ್ಪಿಗೆ ಕ್ಷಮೆ ಬೇಡಿದಾಗ, ಕಂಡದ್ದನ್ನೆಲ್ಲ ಪೋಪನ ಕಾರ್ಯದರ್ಶಿ ಪೊಜ್ಜೊ ಬ್ರಾಚ್ಚೊಲಿನಿಗೆ ಹೇಳಬೇಕೆಂಬುದೇ ಅವನಿಗೆ ವಿಧಿಸಿದ ಪ್ರಾಯಶ್ಚಿತ್ತವೆಂದು ಹೇಳುತ್ತಾರೆ. ಹಂಪೆಯ ವೈಭವದ ಒಂದು ಹಳೆಯ ಸಾಕ್ಷ್ಯ ಹೀಗೆ ಲ್ಯಾಟಿನ್ ಭಾಷೆಯಲ್ಲಿ ಉಳಿಯಿತು.

ಕೊಂಟಿ ಹೊರಟದ್ದೂ ಈ ನೀರಿನಿಂದಲೇ ಎಂದುಕೊಳ್ಳುತ್ತ ಬೆಕ್ಕಿನ ಕಂಬದ ಬಳಿ ಬಹಳ ಹೊತ್ತು ಕುಳಿತಿದ್ದೆವು. ಭರತ ಏರುತ್ತಿತ್ತು, ಬೆಳಿಗ್ಗೆ ಕಂಡಿದ್ದ ಕೆಸರಿನ ದಿಬ್ಬಗಳು ಮರೆಯಾಗಿ ಗೂಟಗಳ ತಲೆಗಳಷ್ಟೇ ಕಾಣುತ್ತಿದ್ದುವು. ಪೆಲ್ಲೆಸ್ಟ್ರಿನಾದ ದೋಣಿ ದಕ್ಕೆಗೆ ಬಂದಿತು. ಈ ಸಲ ವೇಳಾಪಟ್ಟಿಯನ್ನು ಎರಡು ಬಾರಿ ನೋಡಿಕೊಂಡಿದ್ದೆವು.