ಡಮ್ ಡಮ್‌ನಿಂದ ಮೈದಾನಕ್ಕೆ ಸೈಕಲ್ ಹೊಡೆಯೋಣವೇ?

ಡಮ್ ಡಮ್ ಎಂದರೆ ನಿಮಗೆ ಮೊದಲು ನೆನಪಾಗುವುದು ವಿಮಾನ ನಿಲ್ದಾಣ. ಇತಿಹಾಸ ಓದಿದವರಿಗಾದರೆ ಡಮ್ ಡಮ್ ಗುಂಡು. 1890ರ ದಶಕದಲ್ಲಿ ಇಲ್ಲಿನ ಶಸ್ತ್ರಾಗಾರದಲ್ಲಿ ತಯಾರಾದ, ಮೈ ಹೊಕ್ಕೊಡನೆ ಅರಳಿಕೊಳ್ಳುತ್ತಿದ್ದ ಆ ಬಗೆಯ ಗುಂಡುಗಳನ್ನು 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ನಿಷೇಧಿಸಿತು. ಹೆಸರೂ ಹಾಗೇ ಇದೆ ನೋಡಿ, ಫಿರಂಗಿ ಹಾರಿದ ಸದ್ದಿನಂತೆ! ಪರ್ಷಿಯನ್ನಿನ ‘ದಮ್‌ದಮಾ’, ಅಂದರೆ ಫಿರಂಗಿ ಕೂರಿಸುವ ಮಣ್ಣಿನ ದಿಬ್ಬ, ಎಂಬ ಮಾತಿನಿಂದ ಬಂತು ಎನ್ನುತ್ತಾರೆ. ಆದರೆ ಈ ಸಲ ನಮ್ಮ ಮಾತು ಗುಂಡಿನದಲ್ಲ, ಹುಲ್ಲಿನದು. ಡಮ್ ಡಮ್‌ನಲ್ಲಿ ಮನೆ ಮಾಡಿಕೊಂಡವರು ನಡೆದೋ ಸೈಕಲ್ ತುಳಿದೋ ಹಸಿರಿಗೆ ಹೋಗಬೇಕೆಂದರೆ ದಾರಿ ಹೇಗೆ?

ಕೋಲ್ಕತ್ತಾದ ದೊಡ್ಡ ಬಯಲಿಗೂ ಫಿರಂಗಿಗೂ ಹಳೇ ನಂಟು. 1757ರ ಪ್ಲಾಸಿ ಕದನದ ಮರುವರ್ಷ ಹೊಸ ಫೋರ್ಟ್ ವಿಲಿಯಂ ಕಟ್ಟಲು ಶುರುಮಾಡಿದರು. ಗೋವಿಂದಪುರ ಎಂಬ ಹಳ್ಳಿಯನ್ನು ಎಬ್ಬಿಸಿದರು, ಸುತ್ತಲ ಕಾಡು ಕಡಿದರು. ಯಾರದೋ ಗಾಳಿ ಸೇವನೆಗಲ್ಲ, ಕೋಟೆಯ ತೋಪುಗಳಿಗೆ ಎದುರು ಅಡ್ಡ ಬರಬಾರದು ಎಂದು. ಹಾಗೆ ಖಾಲಿ ಉಳಿದದ್ದೇ ಮೈದಾನ, ಸುಮಾರು 400 ಹೆಕ್ಟೇರ್. ಇತ್ತ 1783ರಲ್ಲಿ ಡಮ್ ಡಮ್ ‘ದಂಡು’ ಆಯಿತು. 1853ರಲ್ಲಿ ಮೀರತ್‌ಗೆ ಎತ್ತಿಕೊಂಡು ಹೋಗುವವರೆಗೂ ಬಂಗಾಳದ ಫಿರಂಗಿದಳದ ಮುಖ್ಯ ಠಾಣೆ ಇಲ್ಲೇ. ಎರಡೂ ಬಯಲು ಫಿರಂಗಿಯ ಕೃಪೆಯೇ. ಆದರೆ ಮೈದಾನಕ್ಕೆ ಜನ ಬಂದರು. ಡಮ್ ಡಮ್‌ನಲ್ಲಿ ಕಾರ್ಖಾನೆ ಬಂತು, ವಿಮಾನ ಬಂತು, ಬೇಲಿ ಬಂತು. ಇವತ್ತು ಆ ಊರಿನ ಅತಿ ವಿಶಾಲ ಹುಲ್ಲುಗಾವಲನ್ನು ನೀವು ನೋಡಬೇಕೆಂದರೆ ಬೋರ್ಡಿಂಗ್ ಪಾಸ್ ಬೇಕು!

ಮೈದಾನಕ್ಕೆ ಜನ ಬಂದರು ಎಂದೆನಲ್ಲ, ಅದೂ ಸಲೀಸಾಗಿ ಆಗಲಿಲ್ಲ. ಕೋಟೆಯ ಬಳಿ ಹೂಗ್ಲಿ ದಂಡೆಯಲ್ಲಿ ರೆಸ್ಪಾಂಡೆನ್ಷಿಯಾ ಎಂಬ ಕಾಲುದಾರಿ ಇತ್ತು. ಸಂಜೆ ಹೊತ್ತು ಬಿಳಿಯರು ಅಡ್ಡಾಡುವ ಜಾಗ. ದೇಶೀ ಕೂಲಿಗಳು, ಕೆಲಸಗಾರರು ಅದೇ ದಾರಿಯಲ್ಲಿ ಓಡಾಡುವುದರಿಂದ ಯುರೋಪಿಯನ್ನರಿಗೆ ತೊಂದರೆ ಎಂದು 1821ರ ಜುಲೈನಲ್ಲಿ ಆಜ್ಞೆ ಹೊರಟಿತು: ಸಂಜೆ 5ರಿಂದ 8ರವರೆಗೆ ದೇಶೀಯರಿಗೆ ಪ್ರವೇಶವಿಲ್ಲ, ಕೋಟೆಯ ಕೆಲಸದ ಮೇಲೆ ಹೋಗುವವರ ಹೊರತು. ಹುಲ್ಲು ಅಲ್ಲೇ ಇತ್ತು, ನದಿಯೂ ಅಲ್ಲೇ ಇತ್ತು. ಮುಚ್ಚಿದ್ದು ದಾರಿ ಮಾತ್ರ. ಕೂಲಿಗೆ ಬಿಡುವಾಗುವುದೂ ಅದೇ ಸಂಜೆಯಲ್ಲವೇ?

ಈಗ ಇನ್ನೂರು ವರ್ಷ ಈಚೆಗೆ ಬನ್ನಿ. ಡಮ್ ಡಮ್‌ನಿಂದ ಮೈದಾನಕ್ಕೆ ಸುಮಾರು ಹತ್ತು ಕಿಲೋಮೀಟರ್, ಸೈಕಲ್‌ನವರಿಗೆ ಮುಕ್ಕಾಲು ಗಂಟೆ. ಹಾದಿಯಲ್ಲಿ ಒಂದು ದಿಣ್ಣೆ ಇಲ್ಲ, ನಮ್ಮ ಬೆಂಗಳೂರಿನವರು ಹೊಟ್ಟೆಕಿಚ್ಚು ಪಡಬೇಕು. ಆದರೆ 2008ರಲ್ಲಿ ಕೋಲ್ಕತ್ತಾ ಪೊಲೀಸರು 38 ರಸ್ತೆಗಳಲ್ಲಿ ಸೈಕಲ್ ಬೇಡವೆಂದರು. 2013ರಲ್ಲಿ ಆ ಪಟ್ಟಿ 174ಕ್ಕೆ ಏರಿತು. ಸೈಕಲ್‌ನಿಂದ ವಾಹನಗಳ ವೇಗ ತಗ್ಗುತ್ತದೆ, ಅಪಘಾತವೂ ಆಗುತ್ತದೆ ಎಂಬುದು ವಾದ. ಹಾಲಿನವರು, ಪೇಪರ್ ಹಾಕುವವರು ಪ್ರತಿಭಟಿಸಿದ ಮೇಲೆ ಪಟ್ಟಿ 62ಕ್ಕೆ ಇಳಿಯಿತು. ಇಳಿದರೂ ಉಳಿದವು ದೊಡ್ಡ ರಸ್ತೆಗಳೇ. ಡಮ್ ಡಮ್‌ಗೆ ಬೇರೆಯೇ ಪುರಸಭೆಗಳು, ಬೇರೆಯೇ ಪೊಲೀಸರು. ಹಾಗಾಗಿ ನಿಮ್ಮ ಬೀದಿಯಲ್ಲಿ ಆರಾಮವಾಗಿ ತುಳಿದು ಬಂದ ಸೈಕಲ್ಲು ಕೋಲ್ಕತ್ತಾದ ಗಡಿ ದಾಟಿದ ಮೇಲೆ ಗಲ್ಲಿ ಹುಡುಕಬೇಕು.

ತಮಾಷೆ ಏನೆಂದರೆ, ಮೊದಲ ನಿಷೇಧ ಬಂದ ಅದೇ 2008ರಲ್ಲಿ ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ ಒಂದು ಅಧ್ಯಯನ ಹೊರಬಂತು. ಅದರ ಪ್ರಕಾರ ಕೋಲ್ಕತ್ತಾದ ನೂರು ಓಡಾಟಗಳಲ್ಲಿ 19 ಕಾಲ್ನಡಿಗೆಯವು, 11 ಸೈಕಲ್ಲಿನವು, ಕಾರಿನವು 8. ಕಡಿಮೆ ಇದ್ದವರಿಗಾಗಿ ಹೆಚ್ಚು ಇದ್ದವರನ್ನು ಪಕ್ಕಕ್ಕೆ ಸರಿಸಿದಂತಾಯಿತು ಎಂದು ನನಗಂತೂ ಅನ್ನಿಸುತ್ತದೆ. ಇನ್ನೂ ಒಂದು ಇದೆ: 2012ರ ಡಿಸೆಂಬರಿನಲ್ಲಿ ನ್ಯೂ ಟೌನ್‌ನ ಇಕೋ ಪಾರ್ಕ್ ತೆರೆಯಿತು. ಅಲ್ಲಿ ದುಡ್ಡು ಕೊಟ್ಟರೆ ಒಳಗೆ ಸುತ್ತಲು ಸೈಕಲ್ ಬಾಡಿಗೆಗೆ ಸಿಗುತ್ತದೆ. ಮರುವರ್ಷವೇ 174ರ ಆಜ್ಞೆ! 2020ರಲ್ಲಿ ಕೋವಿಡ್‌ನಿಂದ ಬಸ್ಸು, ರೈಲು ನಿಂತು ಜನ ಉಪನಗರಗಳಿಂದ ಸೈಕಲ್ಲಿನಲ್ಲೇ ಕೆಲಸಕ್ಕೆ ಬರತೊಡಗಿದಾಗ ಚಿಕ್ಕ ರಸ್ತೆಗಳಲ್ಲಿ ಬಿಗಿ ಸಡಿಲವಾಯಿತು.

ಹಾಗೆಂದು ಡಮ್ ಡಮ್‌ನವರು ಕೈಕಟ್ಟಿ ಕೂತಿಲ್ಲ. ವಿಭಜನೆಯ ನಂತರ ಬೆಳೆದ ಡಮ್ ಡಮ್ ಪಾರ್ಕ್ ಬಡಾವಣೆಯ ನಡುವೆ ಕೆರೆಗಳಿವೆ, ‘ಮೂರನೇ ನಂಬರ್ ಟ್ಯಾಂಕ್’ ಎಂದರೆ ರಿಕ್ಷಾದವನಿಗೆ ವಿಳಾಸ ಸಾಕು. ಮನೆ ಬಾಗಿಲಿನಿಂದ ಚಪ್ಪಲಿಯಲ್ಲೇ ಹೊರಟು ಒಂದು ಸುತ್ತು ಹಾಕಬಹುದು. ಅಲ್ಲಿಂದ ಆಚೆ ವಿಐಪಿ ರಸ್ತೆ ದಾಟುವುದೇ ಒಂದು ಸಾಹಸ. ದಾಟಿದರೆ ಕೆಷ್ಟೋಪುರ ಕಾಲುವೆ. ಅದರ ಮೇಲಿನ ಕಾಲುಸೇತುವೆಗಳಲ್ಲಿ ಕಾರು ಹೋಗದು, ನಡೆಯುವವರಿಗೇ ಎಂದು ಕಟ್ಟಿದವು. ಆಚೆ ದಡ ಸಾಲ್ಟ್ ಲೇಕ್, ಮರಗಳ ಸಾಲು, ಸೆಂಟ್ರಲ್ ಪಾರ್ಕ್.

ಮೈದಾನವೇ ಬೇಕೆಂದರೆ ಮೆಟ್ರೋ ಇದೆ. 1984ರ ನವೆಂಬರಿನಲ್ಲಿ ಅದು ಡಮ್ ಡಮ್‌ಗೆ ಬಂದಾಗ ಬೆಲ್ಗಾಚಿಯಾವರೆಗೆ ಮಾತ್ರ ಓಡುತ್ತಿತ್ತು. ಪೂರ್ತಿ ದಾರಿ ಕೂಡಿಕೊಂಡದ್ದು 1995ರಲ್ಲಿ. ಈಗ ‘ಮೈದಾನ್’ ಎಂಬ ಹೆಸರಿನದೇ ನಿಲ್ದಾಣದಲ್ಲಿ ಇಳಿದು ಮೆಟ್ಟಿಲು ಹತ್ತಿ, ರಸ್ತೆ ದಾಟಿದರೆ ಹುಲ್ಲು. ಒಂದು ಸಂಜೆ ಹೋಗಿಬನ್ನಿ, 5ರಿಂದ 8ರ ನಡುವೆ.